ಬ್ಯಾಟರಿಯ ದೀಪ

ಕೆನಡಾ ದೇಶದ ಕ್ಯಾಲ್ಗರಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಬೋಧಿಸುತ್ತಿದ್ದ ಡೇವ್ ಇರ್ವಿನ್-ಹ್ಯಾಲಿಡೇ ಎಂಬ ಪ್ರಾಧ್ಯಾಪಕರು 1997ರಲ್ಲಿ ನೇಪಾಳಕ್ಕೆ ಬಂದಿದ್ದರು. ಅನ್ನಪೂರ್ಣ ಶಿಖರಗಳ ಸೀಮೆಯ ಕಾಲುದಾರಿಯಲ್ಲಿ ಸಾಗುತ್ತಿದ್ದಾಗ ಹಳ್ಳಿಯ ಶಾಲೆಯೊಂದು ಅವರ ಕಣ್ಣಿಗೆ ಬಿದ್ದಿತು. ಇಣುಕಿ ನೋಡಿದರೆ ಒಳಗೆ ಹಗಲಿನಲ್ಲಿಯೇ ಕತ್ತಲೆ ಕವಿದಿತ್ತು. ಇಂಥ ಕತ್ತಲೆಯಲ್ಲಿ ಮಕ್ಕಳು ಅಕ್ಷರಗಳನ್ನು ಹೇಗೆ ಕಂಡಾರು ಎಂಬ ಪ್ರಶ್ನೆ ಅವರನ್ನು ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಬಗೆಬಗೆಯ ಪ್ರಯತ್ನಗಳು ನಡೆದುವು. ಕೊನೆಗೆ ಜಪಾನಿನ ನಿಚಿಯಾ ಎಂಬ ಕಾರ್ಖಾನೆ ತಯಾರಿಸುತ್ತಿದ್ದ, ಬಿಳಿಯ ಬೆಳಕನ್ನು ಸೂಸುವ ಪುಟ್ಟ ಡಯೋಡುಗಳು ಅವರ ಕೈಸೇರಿದುವು. ಅವುಗಳಲ್ಲಿ ಒಂದನ್ನು ಉರಿಸಿದಾಗ ಕಂಡ ಸಂಗತಿ ಅಚ್ಚರಿಯದು. ಒಂದು ವಾಟಿನ ಹತ್ತನೆಯ ಒಂದು ಭಾಗದಷ್ಟು ವಿದ್ಯುತ್ತಿನಿಂದ ಮೂಡಿದ ಆ ಬೆಳಕಿನಲ್ಲಿ ಮಗುವೊಂದು ಪುಸ್ತಕವನ್ನು ಓದಬಹುದಾಗಿತ್ತು. 2000ದ ವೇಳೆಗೆ ನೇಪಾಳದ ಕೆಲವು ಹಳ್ಳಿಗಳ ಮನೆಗಳಲ್ಲಿ ಇಂಥ ದೀಪಗಳು ಬೆಳಗತೊಡಗಿದುವು.

ಆ ಶಾಲೆಯ ಕತ್ತಲೆ ಕನ್ನಡನಾಡಿಗೆ ಅಪರಿಚಿತವಾದುದಲ್ಲ. ಶಿವನಸಮುದ್ರದಲ್ಲಿ ಉತ್ಪತ್ತಿಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡುವು. ಆದರೆ ಮಲೆನಾಡಿನ ಒಂಟಿ ಮನೆಗಳಿಗೂ ಕಾಡಂಚಿನ ಹಾಡಿಗಳಿಗೂ ಆ ತಂತಿ ತಲುಪಲು ಮತ್ತೆ ಎಷ್ಟೋ ದಶಕಗಳು ಬೇಕಾದುವು. ಅಲ್ಲಿಯ ತನಕ ಆ ಮನೆಗಳಿಗೆ ಸೀಮೆಎಣ್ಣೆಯ ಬುಡ್ಡಿಯೇ ಗತಿಯಾಗಿತ್ತು. ಬುಡ್ಡಿಯ ಬೆಳಕು ಮಂದ. ಅದರ ಹೊಗೆ ಕಣ್ಣಿಗೂ ಎದೆಗೂ ಕೇಡು. ಗಾಳಿ ಬೀಸಿದರೆ ಆರುತ್ತದೆ, ಉರುಳಿದರೆ ಬೆಂಕಿಯಾಗುತ್ತದೆ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಆ ಹೊಗೆಯಿಂದ ಹುಳುಗಳಿಗೂ ಕಾಟ. ಇಂದು ತಂತಿ ಬಹುಮಟ್ಟಿಗೆ ಎಲ್ಲ ಊರುಗಳನ್ನೂ ಮುಟ್ಟಿದೆ. ಆದರೂ ಆಷಾಢದ ಮಳೆಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದರೆ ಘಟ್ಟದ ಹಳ್ಳಿಗಳು ದಿನಗಟ್ಟಲೆ ಕತ್ತಲೆಯಲ್ಲಿ ಮುಳುಗುವುದುಂಟು. ಪರೀಕ್ಷೆಗೆ ಓದುವ ಮಗುವಿಗೆ ಮಳೆ ನಿಲ್ಲುವ ತನಕ ಕಾದು ಕೂಡಲು ಬರುವುದಿಲ್ಲ. ಆದುದರಿಂದ ಬ್ಯಾಟರಿಯಿಂದ ಉರಿಯುವ ದೀಪಕ್ಕೆ ಮನೆಯಲ್ಲಿ ಇಂದಿಗೂ ಒಂದು ಸ್ಥಾನವಿದೆ. ಅದನ್ನು ಮನೆಯಲ್ಲಿಯೇ ತಯಾರಿಸುವುದು ಕಷ್ಟವಲ್ಲ. ಬ್ಯಾಟರಿಯ ಶಕ್ತಿ ಪೋಲಾಗದಂತೆ ತಯಾರಿಸುವುದಕ್ಕೆ ಮಾತ್ರ ಸ್ವಲ್ಪ ವಿವೇಚನೆ ಬೇಕು.

ಮೊದಲು ಈ ಡಯೋಡಿನ ಸ್ವಭಾವವನ್ನು ತಿಳಿಯಬೇಕು. ಹಳೆಯ ಬಲ್ಬಿನಲ್ಲಿ ವಿದ್ಯುತ್ತು ತೆಳುವಾದ ತಂತಿಯನ್ನು ಕಾಯಿಸಿ ಬೆಳಗಿಸುತ್ತಿತ್ತು. ಅದರ ಶಕ್ತಿಯ ಬಹುಪಾಲು ಶಾಖವಾಗಿ ಹೋಗುತ್ತಿತ್ತು. ಎಲ್.ಇ.ಡಿ. ಎಂದು ರೂಢಿಯಲ್ಲಿರುವ ಡಯೋಡಿನಲ್ಲಿ ಕಾಯಿಸುವ ತಂತಿಯೇ ಇಲ್ಲ. ಎರಡು ಬಗೆಯ ಅರೆವಾಹಕಗಳು ಸಂಧಿಸುವ ಎಡೆಯಲ್ಲಿ ವಿದ್ಯುತ್ಕಣಗಳು ತಮ್ಮ ಹೆಚ್ಚಿನ ಶಕ್ತಿಯನ್ನು ಬೆಳಕಿನ ರೂಪದಲ್ಲಿ ಬಿಟ್ಟುಕೊಡುತ್ತವೆ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ರಚಿಸಿ ತೋರಿಸಿದರು. ಮುಂದೆ ಮೂವತ್ತು ವರ್ಷಗಳ ಕಾಲ ಈ ಡಯೋಡುಗಳು ರೇಡಿಯೋ ಮತ್ತು ಗಣಕಯಂತ್ರಗಳಲ್ಲಿ ಸೂಚಕಗಳಾಗಿ ಮಿನುಗಿದುವೇ ಹೊರತು ಮನೆಯನ್ನು ಬೆಳಗಲಿಲ್ಲ. ನೀಲಿಯ ಬೆಳಕು ದೊರೆಯದೆ ಬಿಳಿಯ ಬೆಳಕನ್ನು ಪಡೆಯುವಂತಿರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ. ನಕಾಮುರ ಅವರ ಪ್ರಖರವಾದ ನೀಲಿ ಡಯೋಡು 1993ರಲ್ಲಿ ಬೆಳಕಿಗೆ ಬಂದಿತು. ನೀಲಿ ಡಯೋಡಿನ ಮೇಲೆ ಹಳದಿ ಬೆಳಕನ್ನು ಬೀರುವ ಲೇಪವೊಂದನ್ನು ಹಚ್ಚಿದಾಗ ಎರಡೂ ಬೆರೆತು ಬಿಳಿಯಾಗಿ ಕಾಣುತ್ತವೆ. ಈ ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ಸಂದಿತು.

ಎಲ್.ಇ.ಡಿ.ಗೆ ಒಂದು ವಿಚಿತ್ರ ಗುಣವಿದೆ. ಸಾಧಾರಣ ಬಲ್ಬಿಗೆ ವೋಲ್ಟೇಜು ತುಸು ಹೆಚ್ಚಾದರೆ ಪ್ರವಾಹವೂ ತುಸು ಹೆಚ್ಚುತ್ತದೆ, ಅಷ್ಟೆ. ಬಿಳಿಯ ಎಲ್.ಇ.ಡಿ. ಹಾಗಲ್ಲ. ಎರಡೂವರೆ ವೋಲ್ಟಿನ ತನಕ ಅದು ನಿದ್ರಿಸುವಂತೆ ತೋರುತ್ತದೆ. ಮೂರು ವೋಲ್ಟಿನ ಹತ್ತಿರಕ್ಕೆ ಬಂದಾಗ ಎಚ್ಚೆತ್ತು ಬೆಳಗುತ್ತದೆ. ಅಲ್ಲಿಂದ ಮುಂದೆ ಒಂದು ವೋಲ್ಟಿನ ಕೆಲವೇ ದಶಾಂಶ ಏರಿದರೂ ಪ್ರವಾಹ ಅನೇಕ ಪಟ್ಟು ಹೆಚ್ಚಿ ಡಯೋಡು ಸುಟ್ಟುಹೋಗಬಹುದು. ಬಿಸಿಯಾದಂತೆಲ್ಲ ಅದು ಅದೇ ವೋಲ್ಟೇಜಿನಲ್ಲಿ ಮತ್ತಷ್ಟು ಪ್ರವಾಹವನ್ನು ಸೆಳೆಯುವುದರಿಂದ ಅಪಾಯ ಇಮ್ಮಡಿಯಾಗುತ್ತದೆ. ಆದುದರಿಂದ ಎಲ್.ಇ.ಡಿ.ಯ ವಿಷಯದಲ್ಲಿ ನೋಡಿಕೊಳ್ಳಬೇಕಾದುದು ಮುಖ್ಯವಾಗಿ ಪ್ರವಾಹವನ್ನು. ವೋಲ್ಟೇಜಿನ ಮಾತು ಆಮೇಲಿನದು. ಅಂಗಡಿಗಳಲ್ಲಿ ದೊರೆಯುವ ಐದು ಮಿಲಿಮೀಟರಿನ ಸಣ್ಣ ಎಲ್.ಇ.ಡಿ.ಗೆ 20 ಮಿಲಿ ಆಂಪಿಯರ್ ಪ್ರವಾಹ ಸಾಕು. ಆಗ ಅದರ ಎರಡು ಕಾಲುಗಳ ನಡುವೆ ಸುಮಾರು 3.2 ವೋಲ್ಟು ಇರುತ್ತದೆ.

ಈಗ ಮನೆಯಲ್ಲಿ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯೊಂದು ಇದೆಯೆಂದು ಭಾವಿಸೋಣ. ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟು ಇರುತ್ತದೆ. ಅದಕ್ಕೆ ಒಂದೇ ಒಂದು ಎಲ್.ಇ.ಡಿ.ಯನ್ನು ಜೋಡಿಸಬೇಕಾದರೆ ಉಳಿದ 9.4 ವೋಲ್ಟನ್ನು ಯಾವುದಾದರೊಂದು ಸಾಧನ ತಾಳಿಕೊಳ್ಳಬೇಕು. ಸುಲಭದ ಉಪಾಯ ರೋಧಕವನ್ನು ಸೇರಿಸುವುದು. ಓಮನ ನಿಯಮದಂತೆ 9.4ನ್ನು 0.02ರಿಂದ ಭಾಗಿಸಿದರೆ 470 ಓಮ್ ಎಂಬ ಉತ್ತರ ಬರುತ್ತದೆ. ಆ ಬೆಲೆಯ ರೋಧಕ ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲಾದರೂ ಸಿಗುತ್ತದೆ. ದೀಪವೇನೋ ಸೊಗಸಾಗಿ ಉರಿಯುತ್ತದೆ. ಆದರೆ ಬ್ಯಾಟರಿ ಕೊಟ್ಟ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಎಲ್.ಇ.ಡಿ.ಗೆ ಸಂದು, ಮುಕ್ಕಾಲು ಭಾಗ ರೋಧಕವನ್ನು ಬಿಸಿ ಮಾಡಲು ವ್ಯರ್ಥವಾಗುತ್ತದೆ. ನೂರು ರೂಪಾಯಿ ಸಂಪಾದಿಸಿ ಎಪ್ಪತ್ತೈದನ್ನು ದಾರಿಯಲ್ಲಿ ಚೆಲ್ಲಿ ಬಂದಂತೆ.

ಇದೇ ಬ್ಯಾಟರಿಗೆ ಮೂರು ಎಲ್.ಇ.ಡಿ.ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ ಲೆಕ್ಕವೇ ಬದಲಾಗುತ್ತದೆ. ಮೂರಕ್ಕೂ ಸೇರಿ 9.6 ವೋಲ್ಟು, ರೋಧಕದ ಪಾಲಿಗೆ ಉಳಿಯುವುದು 3 ವೋಲ್ಟು. 150 ಓಮ್ ಸಾಕು. ಒಂದು ಎಲ್.ಇ.ಡಿ.ಯನ್ನು ಉರಿಸುತ್ತಿದ್ದ ಅದೇ 20 ಮಿಲಿ ಆಂಪಿಯರ್ ಪ್ರವಾಹ ಈಗ ಮೂರನ್ನು ಉರಿಸುತ್ತದೆ, ಮತ್ತು ದಕ್ಷತೆ ನೂರಕ್ಕೆ 25ರಿಂದ 76ಕ್ಕೆ ಏರುತ್ತದೆ. ಮೂವತ್ತು ಎಲ್.ಇ.ಡಿ.ಗಳ ದೀಪವೊಂದನ್ನು ಎರಡೂ ರೀತಿಯಲ್ಲಿ ಕಟ್ಟಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಒಂದೊಂದಕ್ಕೂ ಪ್ರತ್ಯೇಕ ರೋಧಕವನ್ನಿಟ್ಟರೆ ಬ್ಯಾಟರಿ 600 ಮಿಲಿ ಆಂಪಿಯರ್ ಕೊಡಬೇಕು. ಮೂರು ಮೂರರ ಹತ್ತು ಸಾಲುಗಳನ್ನಾಗಿ ಮಾಡಿದರೆ 200 ಮಿಲಿ ಆಂಪಿಯರ್ ಸಾಕು. ಬ್ಯಾಟರಿಯ ಸಾಮರ್ಥ್ಯ 7 ಆಂಪಿಯರ್-ಗಂಟೆ; ಅದರ ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನು ಮಾತ್ರ ಬಳಸುವುದೆಂದು ಇಟ್ಟುಕೊಳ್ಳೋಣ. ಮೊದಲನೆಯ ದೀಪ ಆರು ಗಂಟೆಯೂ ತುಂಬುವ ಮೊದಲೇ ಆರಿಸಬೇಕಾಗುತ್ತದೆ. ಎರಡನೆಯದು ಹದಿನೇಳು ಗಂಟೆಗೂ ಮೀರಿ ಉರಿಯುತ್ತದೆ. ರಾತ್ರಿಗೆ ನಾಲ್ಕು ಗಂಟೆ ಓದುವ ಮಗುವಿಗೆ ಮೊದಲನೆಯದು ಒಂದೂವರೆ ರಾತ್ರಿಯ ದೀಪ, ಎರಡನೆಯದು ನಾಲ್ಕು ರಾತ್ರಿಯ ದೀಪ. ಬೆಳಕು ಒಂದೇ, ಬ್ಯಾಟರಿ ಒಂದೇ, ಎಲ್.ಇ.ಡಿ.ಗಳೂ ಅವೇ, ಬದಲಾದುದು ತಂತಿಯ ಜೋಡಣೆ ಮಾತ್ರ. ಮಳೆಯ ನಾಲ್ಕು ದಿನ ಬಿಸಿಲು ಕಾಣದೆ ಸೌರಫಲಕ ಸುಮ್ಮನೆ ಕುಳಿತಿರುವಾಗ ಈ ಅಂತರದ ಬೆಲೆ ತಿಳಿದುಬರುತ್ತದೆ.

ಹಾಗಾದರೆ ನಾಲ್ಕನ್ನು ಸರಣಿಯಲ್ಲಿ ಸೇರಿಸಿ ರೋಧಕವನ್ನೇ ಬಿಟ್ಟುಬಿಟ್ಟರೆ ಏನಾದೀತು? ಲೆಕ್ಕದಲ್ಲಿ 12.8 ವೋಲ್ಟು, ಬ್ಯಾಟರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಉತ್ಸಾಹಿಗಳು ಹೀಗೆ ಮಾಡುವುದೂ ಉಂಟು. ಮೊದಲ ದಿನ ದೀಪ ಚೆನ್ನಾಗಿಯೇ ಉರಿಯುತ್ತದೆ. ಬ್ಯಾಟರಿ ಸ್ವಲ್ಪ ಬರಿದಾದೊಡನೆ ಮಂಕಾಗುತ್ತದೆ. ಮರುದಿನ ಚಾರ್ಜಿಗೆ ಹಾಕಿ ದೀಪವನ್ನೂ ಹಚ್ಚಿದರೆ ವೋಲ್ಟೇಜು 14ರ ಮೇಲಕ್ಕೆ ಹೋಗಿ, ತಡೆಯುವ ರೋಧಕವಿಲ್ಲದೆ, ಎಲ್.ಇ.ಡಿ.ಗಳು ಕಂದಿಹೋಗುತ್ತವೆ. ಹಲವು ಎಲ್.ಇ.ಡಿ.ಗಳನ್ನು ಸಮಾಂತರವಾಗಿ ಕಟ್ಟಿ ಎಲ್ಲಕ್ಕೂ ಒಂದೇ ರೋಧಕವನ್ನು ಇಡುವುದೂ ಇಂಥದೇ ತಪ್ಪು. ಒಂದೇ ಪೊಟ್ಟಣದ ಎಲ್.ಇ.ಡಿ.ಗಳಾದರೂ ಅವುಗಳ ವೋಲ್ಟೇಜಿನಲ್ಲಿ ಕೂದಲೆಳೆಯ ಅಂತರವಿರುತ್ತದೆ. ವೋಲ್ಟೇಜು ಕಡಿಮೆಯುಳ್ಳದ್ದು ಇತರರ ಪಾಲಿನ ಪ್ರವಾಹವನ್ನೂ ಕಬಳಿಸುತ್ತದೆ, ಕಾಯುತ್ತದೆ, ಇನ್ನಷ್ಟು ಕಬಳಿಸಿ ಸಾಯುತ್ತದೆ. ಅದರ ಹಿಂದೆಯೇ ಉಳಿದವುಗಳ ಸರದಿ. ಆದುದರಿಂದ ಸಾಲಿಗೊಂದು ರೋಧಕವಿರಲೇಬೇಕು.

ರೋಧಕವಿದ್ದರೂ ಎಲ್ಲವೂ ಸರಿಯಾಯಿತೆನ್ನುವಂತಿಲ್ಲ. ಮೂರು ಎಲ್.ಇ.ಡಿ. ಮತ್ತು 150 ಓಮಿನ ಸಾಲಿನಲ್ಲಿ, ಬ್ಯಾಟರಿಯನ್ನು ತುಂಬುವಾಗ 14.4 ವೋಲ್ಟು ತಲುಪಿದರೆ ಪ್ರವಾಹ 32 ಮಿಲಿ ಆಂಪಿಯರಿಗೆ ಏರುತ್ತದೆ, ಸಣ್ಣ ಎಲ್.ಇ.ಡಿ.ಗೆ ಅದು ಹೊರೆ. ಬ್ಯಾಟರಿ 11.5 ವೋಲ್ಟಿಗೆ ಇಳಿದಾಗ 13 ಮಿಲಿ ಆಂಪಿಯರ್ ಕೂಡ ದಕ್ಕುವುದಿಲ್ಲ. ಚಾರ್ಜಿನಲ್ಲಿರುವಾಗಲೂ ಉರಿಸಬೇಕಾದ ದೀಪಕ್ಕೆ 270 ಓಮಿನಂಥ ದೊಡ್ಡ ರೋಧಕವನ್ನು ಆರಿಸಿಕೊಳ್ಳುವುದು ಲೇಸು. ಬೆಳಕು ತುಸು ತಗ್ಗಿದರೂ ನಷ್ಟವೇನಿಲ್ಲ. ಎಲ್.ಇ.ಡಿ.ಗೆ ಪ್ರವಾಹವನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧಕ್ಕಿಂತ ಹೆಚ್ಚೇ ಉಳಿಯುತ್ತದೆ, ಆಯುಷ್ಯವೂ ಬೆಳೆಯುತ್ತದೆ. ಹೆಚ್ಚು ಎಲ್.ಇ.ಡಿ.ಗಳನ್ನು ಮಂದವಾಗಿ ಉರಿಸುವುದು ಕೆಲವನ್ನು ಪ್ರಖರವಾಗಿ ಉರಿಸುವುದಕ್ಕಿಂತ ಮಿತವ್ಯಯದ ಮಾರ್ಗ.

ದೀಪ ದೊಡ್ಡದಾದಷ್ಟೂ ರೋಧಕದಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣತೊಡಗುತ್ತದೆ. ಒಂದು ವಾಟಿನ ಅಥವಾ ಮೂರು ವಾಟಿನ ಎಲ್.ಇ.ಡಿ.ಗಳನ್ನು ಬಳಸುವವರು ಬೇರೊಂದು ವಿಧಾನವನ್ನು ಅನುಸರಿಸುತ್ತಾರೆ. ಇದರಲ್ಲಿ ಹೆಚ್ಚಿನ ವೋಲ್ಟನ್ನು ಸುಡುವುದಿಲ್ಲ, ಪರಿವರ್ತಿಸಿಕೊಳ್ಳುತ್ತಾರೆ. ಟ್ರಾನ್ಸಿಸ್ಟರೊಂದು ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚುತ್ತ ಬ್ಯಾಟರಿಯ ವಿದ್ಯುತ್ತನ್ನು ತಂತಿಯ ಸುರುಳಿಯೊಂದಕ್ಕೆ ತುಣುಕು ತುಣುಕಾಗಿ ನೀಡುತ್ತದೆ. ಸುರುಳಿಯು ಆ ಶಕ್ತಿಯನ್ನು ಕಾಂತಕ್ಷೇತ್ರದ ರೂಪದಲ್ಲಿ ಹಿಡಿದಿಟ್ಟು, ಟ್ರಾನ್ಸಿಸ್ಟರು ಮುಚ್ಚಿದ ಗಳಿಗೆಯಲ್ಲಿ ಎಲ್.ಇ.ಡಿ.ಗೆ ಒದಗಿಸುತ್ತದೆ. ಕುಂಬಾರನ ತಿಗರಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುಂಬಾರನು ಕೋಲಿನಿಂದ ಆಗಾಗ ತಿರುವುತ್ತಾನೆ, ಎಡೆಬಿಡದೆ ತಿರುವುವುದಿಲ್ಲ. ತಿಗರಿಯ ಭಾರವೇ ಆ ವೇಗವನ್ನು ಕಾಪಾಡಿ ಮಡಕೆಗೆ ಒಂದೇ ಸಮನಾದ ತಿರುಗಾಟವನ್ನು ಕೊಡುತ್ತದೆ. ಇಲ್ಲಿ ಸುರುಳಿಯು ತಿಗರಿಯ ಕೆಲಸವನ್ನು ಮಾಡುತ್ತದೆ. ಎಲ್.ಇ.ಡಿ.ಯಲ್ಲಿ ಹರಿಯುವ ಪ್ರವಾಹವನ್ನು ಸಣ್ಣದೊಂದು ರೋಧಕ ಸದಾ ಅಳೆಯುತ್ತ, ಹೆಚ್ಚಾದರೆ ಟ್ರಾನ್ಸಿಸ್ಟರು ತೆರೆದಿರುವ ಕಾಲವನ್ನು ಕುಗ್ಗಿಸಿ, ಕಡಿಮೆಯಾದರೆ ಹಿಗ್ಗಿಸಿ, ಒಂದೇ ಮಟ್ಟದಲ್ಲಿ ಇಡುವ ಏರ್ಪಾಡೂ ಇರುತ್ತದೆ. ಬ್ಯಾಟರಿ 14 ವೋಲ್ಟಿನಲ್ಲಿರಲಿ, 11.5ರಲ್ಲಿರಲಿ, ಬೆಳಕು ಬದಲಾಗದು. ಚೆನ್ನಾಗಿ ರಚಿಸಿದ ಪರಿವರ್ತಕಗಳ ದಕ್ಷತೆ ನೂರಕ್ಕೆ 85ರಿಂದ 95ರ ತನಕ ಇರುತ್ತದೆ. ಇವು ಈಗ ಹೆಬ್ಬೆರಳ ಉಗುರಿನಷ್ಟು ಹಲಗೆಯ ಮೇಲೆ ಸಿದ್ಧವಾಗಿಯೇ ದೊರೆಯುತ್ತವೆ. ಕೊಳ್ಳುವಾಗ ಅದು ಪ್ರವಾಹವನ್ನು ಕಾಯುವುದೋ, ಬರಿಯ ವೋಲ್ಟೇಜನ್ನು ಕಾಯುವುದೋ ಎಂದು ಕೇಳಿ ತಿಳಿಯಬೇಕು. ಮೊದಲನೆಯದೇ ಬೇಕಾದುದು.

ಇದೇ ತತ್ತ್ವದ ಒಂದು ಆಟಿಕೆಯಂಥ ರೂಪವೂ ಉಂಟು. ಒಂದೂವರೆ ವೋಲ್ಟಿನ ಒಂದೇ ಶುಷ್ಕಕೋಶ ಬಿಳಿಯ ಎಲ್.ಇ.ಡಿ.ಯನ್ನು ನೇರವಾಗಿ ಉರಿಸಲಾರದು. ಕೆಟ್ಟುಹೋದ ಸಿ.ಎಫ್.ಎಲ್. ದೀಪದೊಳಗಿನ ಫೆರೈಟ್ ಬಳೆಯೊಂದಕ್ಕೆ ಎರಡು ಎಳೆ ತಂತಿಯನ್ನು ಸುತ್ತಿ, ಒಂದು ಟ್ರಾನ್ಸಿಸ್ಟರನ್ನೂ ಒಂದು ಸಾವಿರ ಓಮಿನ ರೋಧಕವನ್ನೂ ಸೇರಿಸಿದರೆ, ಗಡಿಯಾರದಿಂದಲೋ ಟಾರ್ಚಿನಿಂದಲೋ ಸತ್ತಿತೆಂದು ತೆಗೆದೆಸೆದ ಕೋಶದಿಂದ ಎಲ್.ಇ.ಡಿ. ಬೆಳಗುತ್ತದೆ. ಕೋಶದಲ್ಲಿ ಅಳಿದುಳಿದ ಶಕ್ತಿಯನ್ನೆಲ್ಲ ಕದಿಯುವುದರಿಂದ ಇದಕ್ಕೆ 'ಜೂಲ್ ಕಳ್ಳ' ಎಂಬ ತಮಾಷೆಯ ಹೆಸರು ಬಂದಿದೆ. ಇದರ ದಕ್ಷತೆ ಹೇಳಿಕೊಳ್ಳುವಂಥದಲ್ಲ. ಆದರೆ ಎಸೆಯುವ ವಸ್ತುವಿನಿಂದ ರಾತ್ರಿ ಎದ್ದವರಿಗೆ ಬಾಗಿಲು ಕಾಣುವಷ್ಟು ಬೆಳಕು ಸಿಗುವಾಗ ದಕ್ಷತೆಯನ್ನು ಯಾರು ಕೇಳುತ್ತಾರೆ? ಶಾಲೆಯ ವಿಜ್ಞಾನ ಸಂಘದಲ್ಲಿ ಒಂದು ಸಂಜೆಯ ಪ್ರಯೋಗಕ್ಕೆ ಇದು ಯೋಗ್ಯವಾದುದು.

ಎಲ್.ಇ.ಡಿ.ಯನ್ನು ವೇಗವಾಗಿ ಮಿಟುಕಿಸಿದರೆ ಕಡಿಮೆ ಶಕ್ತಿಯಲ್ಲಿ ಹೆಚ್ಚು ಬೆಳಕು ಕಾಣುತ್ತದೆಂಬ ನಂಬಿಕೆಯೊಂದು ಹರಡಿದೆ. ಇದಕ್ಕೆ ಆಧಾರವಿಲ್ಲ. ವೇಗದ ಮಿಟುಕನ್ನು ಕಣ್ಣು ಸರಾಸರಿಯಾಗಿಯೇ ಕಾಣುತ್ತದೆ. ಕ್ಷಣಕಾಲದ ದೊಡ್ಡ ಪ್ರವಾಹಕ್ಕಿಂತ ಸ್ಥಿರವಾದ ಸಣ್ಣ ಪ್ರವಾಹದಲ್ಲಿಯೇ ಎಲ್.ಇ.ಡಿ. ಹೆಚ್ಚು ದಕ್ಷವೆಂಬುದನ್ನು ಮೇಲೆಯೇ ಕಂಡದ್ದಾಗಿದೆ.

ಬ್ಯಾಟರಿಯ ವಿಷಯದಲ್ಲಿಯೂ ಎಚ್ಚರ ಬೇಕು. ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ವಾರಗಟ್ಟಲೆ ಹಾಗೆಯೇ ಇಟ್ಟರೆ ಅದರೊಳಗಿನ ಫಲಕಗಳ ಮೇಲೆ ಗಟ್ಟಿಯಾದ ಸಲ್ಫೇಟ್ ಪದರ ಕಟ್ಟಿ, ಮತ್ತೆ ತುಂಬಿದರೂ ಶಕ್ತಿಯನ್ನು ಹಿಡಿಯುವುದಿಲ್ಲ. ಲಿಥಿಯಮ್ ಕೋಶಗಳು ಹಗುರ, ಮತ್ತು ಅವುಗಳ ವೋಲ್ಟೇಜು 4.2ರಿಂದ 3ರ ನಡುವೆ ಇರುವುದರಿಂದ ಒಂದು ಕೋಶಕ್ಕೆ ಒಂದು ಎಲ್.ಇ.ಡಿ. ಹೆಚ್ಚು ನಷ್ಟವಿಲ್ಲದೆ ಹೊಂದುತ್ತದೆ. ಆದರೆ ಮಿತಿಮೀರಿ ತುಂಬಿದರೆ ಅವು ಬೆಂಕಿ ಹಿಡಿಯುವ ಸಂಭವವುಂಟು. ರಕ್ಷಣಾ ಮಂಡಲವಿಲ್ಲದೆ ಅವನ್ನು ಮನೆಯಲ್ಲಿ ಬಳಸಲಾಗದು. ಯಾವ ಬ್ಯಾಟರಿಯಾದರೂ ಅದರ ಬದಿಯಲ್ಲಿಯೇ ಒಂದು ಫ್ಯೂಸು ಇರಬೇಕು. ಎರಡು ತಂತಿಗಳು ಅಕಸ್ಮಾತ್ತಾಗಿ ತಾಗಿದರೆ ಸಣ್ಣ ಬ್ಯಾಟರಿಯೂ ತಂತಿಯನ್ನು ಕೆಂಪಗೆ ಕಾಯಿಸಬಲ್ಲದು.

ಇಂಥ ದೀಪಗಳನ್ನು ಕಟ್ಟಲು ಎಂಜಿನಿಯರಿಂಗ್ ಪದವಿ ಬೇಕೆಂದು ತಿಳಿಯುವುದು ಸರಿಯಲ್ಲ. ರಾಜಸ್ಥಾನದ ತಿಲೋನಿಯಾ ಗ್ರಾಮದಲ್ಲಿ ಬಂಕರ್ ರಾಯ್ ಅವರು 1972ರಲ್ಲಿ ಆರಂಭಿಸಿದ ಬೇರ್‌ಫುಟ್ ಕಾಲೇಜಿನಲ್ಲಿ ಓದುಬರಹ ಬಾರದ ಹಳ್ಳಿಯ ಹೆಂಗಸರು ಸೌರದೀಪಗಳ ವಿದ್ಯುನ್ಮಂಡಲಗಳನ್ನು ಬೆಸುಗೆ ಹಾಕಿ ಜೋಡಿಸುವುದನ್ನು ಕಲಿತರು. ಆಫ್ರಿಕದ ದೇಶಗಳಿಂದಲೂ ಅಲ್ಲಿಗೆ ತಾಯಂದಿರೂ ಅಜ್ಜಿಯರೂ ಬಂದು ಆರು ತಿಂಗಳು ತರಬೇತಿ ಪಡೆದರು. ಕಲಿಸುವವರ ಭಾಷೆ ಅವರಿಗೆ ಬಾರದು, ಅವರ ಭಾಷೆ ಕಲಿಸುವವರಿಗೆ ಬಾರದು. ರೋಧಕಗಳ ಮೇಲಿನ ಬಣ್ಣದ ಪಟ್ಟೆಗಳೂ ಕೈಸನ್ನೆಯೂ ಪಾಠವಾದುವು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆ 2014ರಲ್ಲಿ ಕೈಗೊಂಡ ಯೋಜನೆಯಲ್ಲಿ ಹತ್ತು ಲಕ್ಷ ಓದುವ ದೀಪಗಳನ್ನು ಶಾಲೆಯ ಮಕ್ಕಳಿಗೆ ತಲುಪಿಸುವ ಗುರಿಯಿತ್ತು. ಅವುಗಳನ್ನು ಜೋಡಿಸಿದವರೂ, ಕೆಟ್ಟಾಗ ರಿಪೇರಿ ಮಾಡಿದವರೂ ಆಯಾ ಊರಿನ ಜನರೇ. ಕರ್ನಾಟಕದಲ್ಲಿ ಹರೀಶ್ ಹಂದೆ ಅವರು 1995ರಲ್ಲಿ ಸಹಸ್ಥಾಪಕರಾಗಿ ಕಟ್ಟಿದ ಸೆಲ್ಕೋ ಸಂಸ್ಥೆ ಬಡವರ ಮನೆಗಳಿಗೆ ಸಾಲದ ಏರ್ಪಾಡಿನೊಡನೆ ಸೌರದೀಪಗಳನ್ನು ಒದಗಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ದೀಪವನ್ನು ತೂಗುಹಾಕುವ ಎಡೆಯೂ ಉಳಿತಾಯದ ಲೆಕ್ಕಕ್ಕೆ ಸೇರಬೇಕು; ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೆಳಕಿನ ತೀವ್ರತೆ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ಎರಡು ಮೀಟರ್ ಎತ್ತರದ ಜಂತೆಗೆ ಕಟ್ಟಿದ ಸಣ್ಣ ದೀಪವನ್ನು ಪುಸ್ತಕದಿಂದ ಅರ್ಧ ಮೀಟರಿಗೆ ಇಳಿಸಿದರೆ ಹಾಳೆಯ ಮೇಲೆ ಬೀಳುವ ಬೆಳಕು ಹದಿನಾರು ಪಟ್ಟಾಗುತ್ತದೆ. ಯಾವ ಪರಿವರ್ತಕವೂ ಇಷ್ಟು ಲಾಭವನ್ನು ತಂದುಕೊಡಲಾರದು. ಎಲ್.ಇ.ಡಿ. ತನ್ನ ಬೆಳಕನ್ನು ಮುಂದಕ್ಕೆ ಮಾತ್ರ ಚೆಲ್ಲುವುದರಿಂದ ಅದನ್ನು ಬಾಗುವ ಕತ್ತಿನ ಕಂಬಿಗೆ ಸಿಕ್ಕಿಸಿ ಪುಸ್ತಕದ ಕಡೆಗೆ ತಿರುಗಿಸಬಹುದು. ಚಾವಣಿಯನ್ನೂ ಗೋಡೆಯನ್ನೂ ಬೆಳಗಿಸುವ ಖರ್ಚು ಉಳಿಯುತ್ತದೆ. ಅಡುಗೆಮನೆಗೆ ಒಲೆಯ ಮೇಲ್ಗಡೆ ಒಂದು ಸಾಲು, ಕೊಟ್ಟಿಗೆಯ ಬಾಗಿಲಿಗೆ ಒಂದು ಸಾಲು, ಓದುವ ಮಣೆಗೆ ಎರಡು ಸಾಲು, ಒಂದೊಂದಕ್ಕೂ ಬೇರೆ ಬೇರೆ ಸ್ವಿಚ್ಚು. ಮೂವತ್ತು ಎಲ್.ಇ.ಡಿ.ಗಳನ್ನು ಒಟ್ಟಿಗೆ ನಡುಮನೆಯಲ್ಲಿ ಉರಿಸುವ ಬದಲು ಹೀಗೆ ಹಂಚಿದರೆ ಹನ್ನೆರಡೇ ಸಾಕಾಗುತ್ತವೆ. ಆಗ ಬ್ಯಾಟರಿಯಿಂದ ಹರಿಯುವ ಪ್ರವಾಹ 80 ಮಿಲಿ ಆಂಪಿಯರ್ ಮಾತ್ರ. ಎಲ್ಲ ಸಾಲುಗಳೂ ರಾತ್ರಿಗೆ ನಾಲ್ಕು ಗಂಟೆ ಉರಿದರೂ ಅದೇ ಅರ್ಧ ಬ್ಯಾಟರಿ ಹತ್ತು ರಾತ್ರಿಗಳಿಗೆ ಬರುತ್ತದೆ.